ಶನಿವಾರದವರೆಗೆ

ಪರದೇಶದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಇಥಿಯೋಪಿಯದವರ ಪದ್ಧತಿಯಲ್ಲ. ಊರವರು ಅಲ್ಲಿನ ಗೆಳೆಯರಿಗೆ ಗುಟ್ಟಾಗಿ ತಿಳಿಸುತ್ತಾರೆ. ಅವರೆಲ್ಲ ಒಂದು ಬೆಳಿಗ್ಗೆ ಒಟ್ಟಾಗಿ ಮನೆಗೆ ಹೋಗಿ ಹೇಳುತ್ತಾರೆ. ಊರಿನಲ್ಲಿ ಫಿಕಿರ್ತೆಯ ಅಣ್ಣ ತೀರಿಕೊಂಡಾಗ ಟೊರಾಂಟೊದಲ್ಲಿದ್ದ ಅವಳಿಗೂ ಹಾಗೇ ಆಯಿತು. ಅಂದಿನಿಂದ ಅವಳು ಗೆಳತಿ ಸಬಾಳ ಜೊತೆ ಮಾತು ಬಿಟ್ಟಿದ್ದಳು.

ಇಂದು ಅವಳೇ ಸಬಾಳ ಅಂಗಡಿಗೆ ಬಂದಳು.

“ದಾರಿ ತಪ್ಪಿತೇನು?” ಕಾಫಿಬೀಜ ಹುರಿಯುತ್ತಿದ್ದ ಸಬಾ ಕೇಳಿದಳು.

“ನಿನಗೆ ಮೊದಲೇ ಗೊತ್ತಿತ್ತು. ಆದರೂ ಎರಡು ದಿನ ನನ್ನ ಪಕ್ಕ ಕೂತು ನಗಾಡ್ದೆ.”

“ಇನ್ನೂ ಅದೇನಾ? ಶನಿವಾರ ಎಲ್ಲರಿಗೂ ರಜ ಅಂತ ಕಾದ್ವಿ. ಅಂಥ ಸುದ್ದಿ ಒಬ್ಬಳೇ ಇದ್ದಾಗ ಕೇಳಬಾರದು ಕಣೇ.”

“ನನ್ನ ದುಃಖಕ್ಕೆ ನಿಮ್ಮ ರಜ ನೋಡಿದ್ರಿ. ಅವನು ಮಣ್ಣಾಗಿದ್ದ, ನಾನು ಪೆದ್ದಿ ಹಾಗೆ ನಗ್ತಾ ಇದ್ದೆ.”

“ಜಗಳಕ್ಕೇ ಬಂದಿದ್ರೆ ಹೊರಡು. ಊರಲ್ಲಿ ಅಮ್ಮ ಫೋನ್ ಎತ್ತುತ್ತಿಲ್ಲ ಅಂತ ನನಗೇ ತಲೆ ಕೆಟ್ಟಿದೆ.”

ಫಿಕಿರ್ತೆ ಒಲೆ ಆರಿಸಿದಳು. ಗೆಳತಿಯ ಕೈ ಹಿಡಿದು ಕೂರಿಸಿದಳು.

“ನನಗೆ ನಿನ್ನ ಹಾಗೆ ಶನಿವಾರದವರೆಗೆ ನಗೋಕಾಗಲ್ಲ. ಅವತ್ತು ಬೆಳಿಗ್ಗೆ ಎಲ್ಲರೂ ನಿನ್ನ ಮನೆಗೆ ಬರ್ತಾರೆ.”