ಅತ್ತೆಯ ಟ್ರಂಕಿನ ತೂಕ

ಪಡಿತರ ಅಂಗಡಿಯ ತೂಕದ ಯಂತ್ರದ ಮುಂದೆ ನಿಂತರೆ ಈಗಲೂ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ತಾಯಿಯಿಲ್ಲದ ನನ್ನನ್ನು ಸಾಕಿದ ಗಂಗತ್ತೆ ಶಿರಸಿಯಲ್ಲಿ ದಾದಿಯಾಗಿದ್ದಳು. ಅವಳು ಹಿಮಾಲಯದ ಕಡೆಯ ನಿರಾಶ್ರಿತರ ಶಿಬಿರಕ್ಕೆ ಸೇವೆಗೆಂದು ಹೊರಟಾಗ ಅಪ್ಪ ನನ್ನನ್ನೂ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಅಪ್ಪನಿಗೆ ಬನವಾಸಿಯಲ್ಲಿ ಕಾಳಿನ ಅಂಗಡಿ ಇತ್ತು.

ನಾವು ಮುಟ್ಟಿದಾಗ ತಡವಾಗಿತ್ತು. ಅಪ್ಪನ ಟೊಪ್ಪಿಗೆ ಬೆವರಿನಿಂದ ಒದ್ದೆಯಾಗಿತ್ತು. ಅತ್ತೆಯ ಟ್ರಂಕನ್ನು ತೂಕಕ್ಕೆ ಇಟ್ಟರು. ಭಾರ ಹೆಚ್ಚಾದರೆ ಅವಳನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡು ನಾನು ಅವಳ ಸೆರಗಿನ ಮರೆಯಲ್ಲಿ ನಿಂತು ಯಂತ್ರದ ಹಲಗೆಯನ್ನು ಕಾಲಿನಿಂದ ಒತ್ತಿದೆ. ಅಂಗಡಿಯಲ್ಲಿ ಹಾಗೆ ಒತ್ತಿ ಅಪ್ಪನಿಂದ ಏಟು ತಿಂದಿದ್ದೆ. ಮುಳ್ಳು ಮೇಲೇರಿತು. ಗುಮಾಸ್ತ ಆಗುವುದಿಲ್ಲವೆಂದು ತಲೆಯಾಡಿಸಿದ.

"ಎರಡು ಸಲ ತೂಗೀನ್ರಿ! ನನ್ನ ತಕ್ಕಡಿ ತಪ್ಪಂಗಿಲ್ಲ!" ಎಂದು ಅಪ್ಪ ಕನ್ನಡದಲ್ಲೇ ಕೂಗಾಡಿದ.

"ಅಣ್ಣಾ, ಇದೇನ್ ಜೋಳದ ಚೀಲಾನ, ಚೌಕಾಶಿ ಮಾಡಾಕ? ವಿಮಾನ ಹೋಗಿಬಿಡತೈತಿ."

ಅತ್ತೆ ಅಲ್ಲೇ ಕುಕ್ಕರಿಸಿ ಟ್ರಂಕು ತೆರೆದಳು. ಔಷಧಿ, ಬ್ಯಾಂಡೇಜುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಹಾಗೆಯೇ ಬಿಟ್ಟಳು. ಅಡಿಯಲ್ಲಿದ್ದ ತನ್ನ ದಪ್ಪ ಕಂಬಳಿಯನ್ನು ಎಳೆದು ತೆಗೆದಳು.

"ಗಂಗೂ, ಅದು ಹಿಮದ ದೇಶ ಐತಿ!"

"ಅಲ್ಲಿರೋ ಮಂದಿ ಬದುಕಿಲ್ಲೇನಣ್ಣಾ?"

ಗುಮಾಸ್ತ ಮತ್ತೆ ತೂಗದೆ ಚೀಟಿ ಅಂಟಿಸಿದ. ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಅಳುತ್ತೇನೆಂದು ತಿಳಿದ ಅತ್ತೆ ನನ್ನ ಕೆನ್ನೆ ಹಿಂಡಿ, "ಶಾಣ್ಯಾ ಹುಡುಗ," ಎಂದು ಹೇಳಿ ಓಡಿದಳು.

ಮರಳುವಾಗ ರೈಲಿನ ಕಿಟಕಿಯಿಂದ ಚಳಿಗಾಳಿ ಬೀಸಿತು. ಅಪ್ಪ ಕಂಬಳಿ ಬಿಚ್ಚಿ ನನಗೆ ಹೊದಿಸಿದ. ನಾನು ಸರಿಸಿದೆ. ಅವನು ಮತ್ತೆ ಹೊದಿಸಿದ.