ಬಾಗಿಲಲ್ಲಿ ನಿಂತ ಕರೆ

ಅಂದು ಬೆಳಿಗ್ಗೆ ಬಿಶ್ಕೆಕ್ಕಿನಲ್ಲಿ ಹಿಮವೂ ಅಲ್ಲದ, ಮಳೆಯೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ಬೆಟ್ಟ ಕಾಣದ ದಿನ ಜಿಪಾರಳ ಗಂಟಲಲ್ಲಿ ಚಹಾ ಇಳಿಯದು. ಅವಳ ಗಂಡ ಉಲಾರ್ ಆ ಬೆಟ್ಟದ ಮೇಲಿನ ಚೌಕಿಯಲ್ಲಿ ಚಳಿಗಾಲವಿಡೀ ಹಿಮಕುಸಿತ ಕಾಯುತ್ತಿದ್ದ.

"ಫೋನ್ ಕೊಡಮ್ಮ," ಎಂದು, ಕೋಣೆಯವರೆಲ್ಲ 'ಬಾಯ್ಕೆ', ಅಂದರೆ ಅಣ್ಣ, ಎನ್ನುತ್ತಿದ್ದ ತೆಮಿರ್ ಬಾಯ್ಕೆ ಕೈ ಚಾಚಿದರು. ಯಂತ್ರದ ತಂತ್ರಾಂಶದ ತಿರುಳಾದ ಕರ್ನಲ್ಲಿನ ಬೀಗಕ್ಕೆ ಕೈ ಹಾಕುವವರು ಕೋಣೆಯ ಹಿರಿಯರಿಗೆ ಫೋನ್ ಒಪ್ಪಿಸಿಯೇ ಕೂರಬೇಕು. ಅದು ಹಿಮಕುಸಿತದ ಎಚ್ಚರಿಕೆ ಪೆಟ್ಟಿಗೆ ಮಾಡುವ ಆ ಕಚೇರಿಯ ಪದ್ಧತಿ.

"ಇವತ್ತೊಂದಿನ ಬಿಟ್ಬಿಡಿ ಬಾಯ್ಕೆ. ಅವ್ರು ದಿಬ್ಬ ಹತ್ತಿದ್ರೆ ಮಾತ್ರ ಸಿಗ್ನಲ್ ಸಿಗೋದು. ದನಿ ಕೇಳಿ ವಾರ ಆಯ್ತು."

"ಅವನ ದನಿ ಕೇಳ್ದೇ ಹೋದ್ರೆ ನೀನೊಬ್ಳು ಅಳ್ತೀಯ. ಆ ಪೆಟ್ಟಿಗೆ ಮತ್ತೆ ಮೂಕಾದ್ರೆ?"

ಅವಳು ಫೋನ್ ಕೊಟ್ಟಳು. ಹಿಮದ ಕದಲಿಕೆ ಅರಿತು ಉಲಾರನ ಚೌಕಿಯಲ್ಲಿ ಸೈರನ್ ಕೂಗಿಸಬೇಕಾದ ಪೆಟ್ಟಿಗೆ ಈ ತಿಂಗಳು ಎರಡು ಸಲ ಕಲ್ಲಾಗಿ ಕೂತಿತ್ತು. ಕರ್ನಲ್ಲಿನ ಮೆಮೊರಿ ಒಂದು ಉಗ್ರಾಣವಿದ್ದಂತೆ; ಬೀಗದಕೈ ಒಂದೇ. ಒಬ್ಬ ಅದನ್ನು ಹಿಡಿದು ಒಳಗಿರುವಾಗಲೇ ಹಿಮ ಕದಲಿ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆಯುವ ತುರ್ತು ಕರೆ, ನುಗ್ಗುತ್ತದೆ. ಒಳಗಿನವನನ್ನು ನಿಂತಲ್ಲೇ ನಿಲ್ಲಿಸಿ, ಅದೇ ಬೀಗದಕೈ ಕೇಳುತ್ತದೆ. ಇವನು ಕೊಡದೆ ಅದು ಹೋಗದು, ಅದು ಹೋಗದೆ ಇವನು ಕದಲಲಾರ. ಇಬ್ಬರೂ ಪ್ರಳಯದವರೆಗೆ ಕಾಯುವುದೇ.

ಅದಕ್ಕೆಂದೇ ಅವಳು ನಿನ್ನೆ, ಬೀಗದಕೈ ಹಿಡಿಯುವ ಮೊದಲು ಇಂಟರಪ್ಟಿಗೆ ಬಾಗಿಲು ಹಾಕುವಂತೆ ಪ್ರೋಗ್ರಾಂ ಬರೆದಿದ್ದಳು. ಆದರೂ ಮೇಜಿನ ಮೇಲಿದ್ದ ಪರೀಕ್ಷೆಯ ಪೆಟ್ಟಿಗೆ ಇಂದು ಮತ್ತೆ ಕಲ್ಲಾಗಿತ್ತು.

"ಬೀಗದಕೈ ಬಿಡೋವಾಗ ಏನ್ ಮಾಡ್ದೆ?" ಬಾಯ್ಕೆ ಬಗ್ಗಿ ನೋಡಿದರು.

"ಬಾಗಿಲು ತೆರೆದೆ."

"ನೀನು ಬರೋ ಮುಂಚೇನೇ ಬೇರೆಯವ್ರು ಹಾಕಿಟ್ಟಿದ್ರೆ? ಅವ್ರ ಕೆಲ್ಸ ಇನ್ನೂ ಮುಗೀದೇ ಇದ್ರೆ, ಇಂಟರಪ್ಟ್ ಅವ್ರ ಮೇಲೆ ನುಗ್ಗಲ್ವಾ? ಕಂಡವ್ರ ಡೇರೆಗೆ ಹೋದೋಳು ಬಾಗಿಲನ್ನ ಹೆಂಗಿತ್ತೋ ಹಂಗೇ ಬಿಟ್ಟು ಬರ್ಬೇಕು ಕಣೇ. ನಿಮ್ಮಜ್ಜಿ ಹೇಳ್ಕೊಡ್ಲಿಲ್ವಾ?"

ಜಿಪಾರ್ ನಾಲಿಗೆ ಕಚ್ಚಿಕೊಂಡಳು. ಬಿಸ್ಮಿಲ್ಲಾ ಎಂದು ಮತ್ತೆ ಬರೆಯತೊಡಗಿದಳು: ಬಂದಾಗ ಬಾಗಿಲು ಹೇಗಿತ್ತೆಂದು ನೆನಪಿಟ್ಟುಕೊಳ್ಳುವುದು, ಹೋಗುವಾಗ ಹಾಗೆಯೇ ಒಪ್ಪಿಸುವುದು. ಬಾಗಿಲು ಹಾಕಿದ್ದಾಗ ಬಂದ ಇಂಟರಪ್ಟ್ ಸಾಯುವುದಿಲ್ಲ, ತೆರೆಯುವ ತನಕ ಹೊರಗೆ ನಿಂತಿರುತ್ತದೆ. ಆ ಭಾಗ್ಯ ಯಂತ್ರಕ್ಕಷ್ಟೇ. ಮನುಷ್ಯನ ಕರೆ ಯಾರಿಗಾಗಿ ನಿಂತೀತು? ಕಣ್ಣು ಮಂಜಾದರೂ ಬೆರಳು ನಿಲ್ಲಿಸಲಿಲ್ಲ. ಬಾಯ್ಕೆ ಅವಳ ಫೋನಿದ್ದ ಎದೆಯ ಜೇಬು ಅದುಮಿಕೊಂಡು ಎದ್ದು ಹೊರಗೆ ಹೋದದ್ದು ಅವಳಿಗೆ ತಿಳಿಯಲಿಲ್ಲ.

ಹಿಮ ಕದಲಿದಂತೆ ಪೆಟ್ಟಿಗೆಯನ್ನು ಕುಟ್ಟಿದಳು, ಸೈರನ್ ಕೂಗಿತು. ಮತ್ತೆ ಮತ್ತೆ ಕುಟ್ಟಿದಳು. ಕುಟ್ಟಿದಷ್ಟೂ ಸಲ ಕೂಗಿತು.

"ಬಾಯ್ಕೆ, ಆಯ್ತು!"

ಬಾಯ್ಕೆ ಒಳಬಂದರು. ಫೋನನ್ನು ಅವಳ ಅಂಗೈಯಲ್ಲಿಟ್ಟರು. ಕರೆ ಇನ್ನೂ ಕಡಿದಿರಲಿಲ್ಲ. ದಿಬ್ಬದ ಗಾಳಿ ಭೋರೆನ್ನುತ್ತಿತ್ತು. ಆ ಗಾಳಿಯೊಳಗೆ ಒಬ್ಬ ಚಳಿಗೆ ಕಾಲು ಬಡಿಯುತ್ತ ನಿಂತಿದ್ದ.