ಬಾಯಿಪಾಠ

"ಸಾರಿಗೆ ಇಳಿಸ್ತೀವಿ, ತೆರಿಗೆ ಬೆಳೆಸ್ತೀವಿ," ಎಂದು ಅಭ್ಯರ್ಥಿ ಕನ್ನಡಿಯ ಮುಂದೆ ನಿಂತು ಗಂಭೀರವಾಗಿ ಘೋಷಿಸಿದ. ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಬೆರಳಿಗೇ ಸೂಜಿ ಚುಚ್ಚಿತು. ಬೆಳಗ್ಗಿನಿಂದ ಅವನು ತಪ್ಪು ಹೇಳಿದ್ದು ಇದು ಏಳನೇ ಸಲ. ಸಭೆಗೆ ಇನ್ನು ಒಂದೇ ಗಂಟೆ ಉಳಿದಿತ್ತು.

"ಉಲ್ಟಾ ಆಯ್ತು ರೀ. ತೆರಿಗೆ ಇಳಿಸ್ತೀವಿ, ಸಾರಿಗೆ ಬೆಳೆಸ್ತೀವಿ."

"ಅದನ್ನೇ ಅಲ್ವೇನೇ ನಾನು ಹೇಳಿದ್ದು?"

ಇಪ್ಪತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಎಂಥ ಇಕ್ಕಟ್ಟಿನ ರಸ್ತೆಯಲ್ಲೂ ಗೋಡೆಗೆ ತಾಗಿಸದೆ ಬಸ್ಸು ತಿರುಗಿಸುತ್ತಿದ್ದವನಿಗೆ ಎರಡು ಮಾತನ್ನು ತಿರುಗಿಸದೆ ಹೇಳಲು ಬರುತ್ತಿರಲಿಲ್ಲ. ಮೊನ್ನೆ ಪಕ್ಕದ ಮನೆಯವರಿಗೆ, ತೆರಿಗೆ ಸಿಗಲಿಲ್ಲ, ನಡೆದೇ ಬಂದೆ ಎಂದು ಹೇಳಿ ಬಂದಿದ್ದ. ಇಂಥವನು ಡ್ರೈವರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ನಿಂತಿದ್ದ. ಸೋತರೆ ಐವತ್ತು ದಾಟಿದವನ ಕೈಗೆ ಮತ್ತೆ ಯಾರು ಸ್ಟೀರಿಂಗ್ ಕೊಡುತ್ತಾರೆ ಎಂಬ ಚಿಂತೆಯಲ್ಲಿ ಹೆಂಡತಿಗೆ ತಿಂಗಳಿಂದ ನಿದ್ದೆ ನೆಟ್ಟಗಿರಲಿಲ್ಲ. ಪಕ್ಷದ ಕಾರ್ಯದರ್ಶಿ ಬೇರೆ ಕಡ್ಡಿ ಮುರಿದಂತೆ ಹೇಳಿ ಹೋಗಿದ್ದ: ಈ ಎರಡು ಮಾತು ಬಿಟ್ಟು ಮೂರನೆಯದು ಆಡಿದರೆ ಪ್ರಚಾರದ ವ್ಯಾನೂ ಇಲ್ಲ, ಪಕ್ಷವೂ ಇಲ್ಲ.

"ಇದು ಆಗೋ ಮಾತಲ್ಲ ಕಣೇ," ಅಂಗಿ ತೊಡುತ್ತಾ ಅವನು ಹೇಳಿದ. "ತೆರಿಗೆ ಇಳಿಸಿದ್ರೆ ಬಸ್ಸಿಗೆ ಡೀಸೆಲ್ ಯಾರು ಹಾಕ್ತಾರೆ? ನಾನು ಓಡಿಸ್ತಿದ್ದ ಒಂಬತ್ತನೇ ನಂಬರ್ ನಿಂತಿದ್ದೇ ದುಡ್ಡು ಸಾಲದೆ."

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಒಂದನೇ ತರಗತಿಯ ಟೀಚರು. ಆ ಬಸ್ಸು ನಿಂತ ಮೇಲೆ ಊರಾಚೆಯ ಬಡಾವಣೆಯ ಇಬ್ಬರು ಹುಡುಗಿಯರು ನಡೆದೇ ಶಾಲೆಗೆ ಬರುತ್ತಿದ್ದರು. ಬರುವಷ್ಟರಲ್ಲಿ ಎರಡನೇ ಪಿರಿಯಡ್ಡು ಮುಗಿದಿರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವರಿಬ್ಬರ ಜಾಗ ಖಾಲಿ ಬಿಟ್ಟು ಅವಳು ಕಾಯುತ್ತಿದ್ದಳು. ಆದರೂ, ಅದನ್ನೆಲ್ಲ ಗೆದ್ದ ಮೇಲೆ ನೋಡಿಕೊಂಡರಾಯಿತು, ಮರೆತರೆ ನನ್ನ ತುಟಿ ನೋಡಿ ಎಂದಳು. ಪಾಠ ಮರೆತ ಮಕ್ಕಳಿಗೆ ಸದ್ದಿಲ್ಲದೆ ತುಟಿಯಾಡಿಸಿ ಹೇಳಿಕೊಡುವುದು ಅವಳ ಹಳೆಯ ಅಭ್ಯಾಸ.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರನೇ ಸಾಲಿನಲ್ಲಿ ಅವಳು, ಪಕ್ಕದಲ್ಲೇ ಕಾರ್ಯದರ್ಶಿ. ಅದೇ ವೇದಿಕೆಯಲ್ಲಿ ಮೊದಲು ಎದ್ದ ಎದುರಾಳಿ ಅಭ್ಯರ್ಥಿ ಮಾತಿನಲ್ಲೇ ತೆರಿಗೆಯನ್ನು ರದ್ದು ಮಾಡಿ, ಬಸ್ಸನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಕೂತ. ಗಂಡ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡ.

"ನಾವು ಗೆದ್ರೆ ತೆರಿಗೆ ಬೆಳೆಸ್ತೀವಿ..."

ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅವನು ಬೆಪ್ಪಾಗಿ ನಿಂತು ಹೆಂಡತಿಯ ಕಡೆ ನೋಡಿದ. "ಹೇಳಿಕೊಡೀಮ್ಮ, ಬೇಗ," ಎಂದು ಕಾರ್ಯದರ್ಶಿ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅವಳು ಬಾಯಿ ತೆರೆದಳು. ಹೇಳಿಕೊಡಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಅದೇ ಹೊತ್ತಿಗೆ ಹಾಜರಿ ಪುಸ್ತಕದ ಆ ಎರಡು ಖಾಲಿ ಜಾಗಗಳೂ ಕಣ್ಣ ಮುಂದೆ ಬಂದವು. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.

ಅವನು ಆ ಮುಚ್ಚಿದ ತುಟಿ ಬಿಟ್ಟು ಸಭೆಯ ಕಡೆ ತಿರುಗಿದ. ಆಮೇಲೆ, ಬಸ್ಸು ತುಂಬ ಜನ ಇದ್ದಾಗ ಹೊರಡಿಸುತ್ತಿದ್ದಷ್ಟೇ ನಿಧಾನವಾಗಿ ಶುರುಮಾಡಿದ. "ಬಾಯಿ ತಪ್ಪಿತು. ಮಾತು ತಪ್ಪಬಾರದು ನೋಡಿ, ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ. ಒಂಬತ್ತನೇ ನಂಬರ್ ಬಸ್ಸು ಮತ್ತೆ ಓಡಬೇಕಾದ್ರೆ ತೆರಿಗೆ ಸ್ವಲ್ಪ ಏರಲೇಬೇಕು."

ನಗು ನಿಂತಿತು. ಚಪ್ಪಾಳೆಯೂ ಬರಲಿಲ್ಲ. ಕಾರ್ಯದರ್ಶಿ ಎದ್ದು, ಅವಳ ಕಾಲು ತುಳಿದುಕೊಂಡೇ ಹೊರಗೆ ಹೋದ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು.

"ಸ್ವಲ್ಪ ಅಂದ್ರೆ ಎಷ್ಟು?"

ಅವನು ಮತ್ತೆ ಹೆಂಡತಿಯ ತುಟಿ ನೋಡಿದ. ಈ ಪ್ರಶ್ನೆ ಅವಳ ಪಾಠದಲ್ಲೂ ಇರಲಿಲ್ಲ. ಕೇಳಿದವಳು ಮಾತ್ರ ಕೂರಲಿಲ್ಲ. ಬ್ಯಾಗು ತಬ್ಬಿಕೊಂಡು, ಬಸ್ಸಿಗೆ ಕಾಯುವವರ ಹಾಗೆ, ನಿಂತೇ ಇದ್ದಳು.